ಆರ್‌ಟಿಸಿ ಡ್ರೈವರ್: ತಪ್ಪಿದ ಒಂದು ಗಂಟೆ, ಸುಳ್ಳು ತಾರೀಖು, ಬಾರದ ಅಲಾರಂ

ಪ್ರಶ್ನೆ: ನಾವೇ ವಿನ್ಯಾಸ ಮಾಡಿದ ಬೋರ್ಡಿನಲ್ಲಿ ಲಿನಕ್ಸ್ ಓಡಿಸುತ್ತಿದ್ದೇವೆ. ಐ2ಸಿ ಬಸ್ಸಿಗೆ (ಚಿಪ್‌ಗಳು ಪರಸ್ಪರ ಮಾತಾಡುವ ಎರಡು ತಂತಿಗಳ ದಾರಿ) ಜೋಡಿಸಿದ ಆರ್‌ಟಿಸಿ ಚಿಪ್‌ಗೆ (ರಿಯಲ್ ಟೈಮ್ ಕ್ಲಾಕ್, ಅಂದರೆ ಬ್ಯಾಟರಿಯ ಬಲದಲ್ಲಿ ಸಮಯ ಎಣಿಸುತ್ತಲೇ ಇರುವ ಗಡಿಯಾರ) ಕರ್ನಲ್‌ನಲ್ಲಿ ಡ್ರೈವರ್ ಇಲ್ಲದ ಕಾರಣ ನಾನೇ ಒಂದನ್ನು ಬರೆದೆ. ಗಂಟೆ, ನಿಮಿಷ, ಸೆಕೆಂಡುಗಳ ರಿಜಿಸ್ಟರ್‌ಗಳನ್ನು ಒಂದಾದ ಮೇಲೊಂದರಂತೆ ಓದುತ್ತೇನೆ. ಸೆಕೆಂಡಿಗೊಮ್ಮೆ ಓದಿ ದಾಖಲಿಸುವ ನಮ್ಮ ಪ್ರೋಗ್ರಾಂನಲ್ಲಿ ಅಪರೂಪಕ್ಕೆ ಒಂದು ದಾಖಲೆ ಪೂರ್ತಿ ಒಂದು ಗಂಟೆ ಹಿಂದೆ ಇರುತ್ತದೆ, ಮರುಕ್ಷಣದ ದಾಖಲೆ ಸರಿಯಾಗಿಯೇ ಇರುತ್ತದೆ. ಬ್ಯಾಟರಿ ಮುಗಿದಿದ್ದರೆ ಪ್ರೋಬ್ ಫಂಕ್ಷನ್ನಿನಲ್ಲೇ (ಚಿಪ್ಪಿಗೆ ಡ್ರೈವರ್ ಜೋಡಿಯಾಗುವಾಗ ಕರ್ನಲ್ ಓಡಿಸುವ ಫಂಕ್ಷನ್) 2000ದ ಜನವರಿ 1 ಎಂದು ಬರೆದುಬಿಡುತ್ತೇನೆ. ಅದನ್ನು ತೆಗೆಯಲೇಬೇಕು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ, ಏಕೆಂದು ಅರ್ಥವಾಗಿಲ್ಲ. ಅಲಾರಂ ಒಮ್ಮೆ ಬರುತ್ತದೆ, ಎರಡನೆಯ ಸಲ ಬರುವುದೇ ಇಲ್ಲ. ಎಲ್ಲಿ ತಪ್ಪಿದ್ದೇನೆ?

ಉತ್ತರ: ನಿಮ್ಮ ಮೂರು ತೊಂದರೆಗಳು ಬೇರೆ ಬೇರೆ ಕಡೆ ಕಾಣಿಸಿಕೊಂಡಿದ್ದರೂ ಅವುಗಳ ಬೇರು ಒಂದೇ. ನಿಮ್ಮ ಡ್ರೈವರ್ ಆ ಚಿಪ್ಪನ್ನು ಏಳೆಂಟು ಬೈಟುಗಳ ಸಣ್ಣ ಮೆಮೊರಿ ಎಂಬಂತೆ ನಡೆಸಿಕೊಳ್ಳುತ್ತಿದೆ. ಆದರೆ ಪ್ರೊಸೆಸರ್ ನಿದ್ರೆಯಲ್ಲಿರುವಾಗಲೂ, ಬೋರ್ಡಿಗೆ ವಿದ್ಯುತ್ತೇ ಇಲ್ಲದಿರುವಾಗಲೂ ತನ್ನ ಪಾಡಿಗೆ ತಾನು ಓಡುವ ಯಂತ್ರ ಅದು. ನೀವು ಓದುತ್ತಿರುವಾಗಲೇ ಅದರ ಅಂಕಿಗಳು ಬದಲಾಗಬಹುದು, ನೀವು ನೋಡದಿದ್ದಾಗ ಅದು ನಿಂತೂ ಹೋಗಿರಬಹುದು. ಆ ಯಂತ್ರ ಯಾವುದೋ ಒಂದು ಕ್ಷಣದಲ್ಲಿ ಹೇಳಿದ್ದನ್ನು ಹೇಳಿದ ಹಾಗೆಯೇ ಕರ್ನಲ್‌ಗೆ ಒಪ್ಪಿಸುವುದು, ‘ನನ್ನ ಸಮಯವನ್ನು ನಂಬಬೇಡಿ’ ಎಂದು ಅದೇ ಹೇಳಿದರೆ ಅದನ್ನೂ ಮುಚ್ಚಿಡದೆ ತಿಳಿಸುವುದು ಡ್ರೈವರ್‌ನ ಕೆಲಸ.

ಮೊದಲು ಆ ಒಂದು ಗಂಟೆಯ ವಿಷಯ. ಇಂಥ ಚಿಪ್‌ಗಳೆಲ್ಲ ಸಾಮಾನ್ಯವಾಗಿ 32,768 ಹರ್ಟ್ಸ್ ಕ್ರಿಸ್ಟಲ್‌ನಿಂದ ನಡೆಯುತ್ತವೆ. ಆ ಸಂಖ್ಯೆ ಎರಡರ ಹದಿನೈದನೆಯ ಘಾತವಾದ್ದರಿಂದ ಹದಿನೈದು ಸಲ ಎರಡರಿಂದ ಭಾಗಿಸಿದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ ಸಿಗುತ್ತದೆ. ಆ ಮಿಡಿತಕ್ಕೆ ಸೆಕೆಂಡಿನ ರಿಜಿಸ್ಟರ್ ಒಂದು ಹೆಜ್ಜೆ ಮುಂದೆ ಹೋಗುತ್ತದೆ, 59 ದಾಟಿದರೆ ನಿಮಿಷಕ್ಕೆ, ಅಲ್ಲಿಂದ ಗಂಟೆಗೆ ದಶಕ ಏರಿದಂತೆ ಏರುತ್ತದೆ. ಈಗ ನಿಜವಾದ ಸಮಯ 10:59:59 ಎಂದುಕೊಳ್ಳಿ. ನೀವು ಗಂಟೆಯನ್ನು ಓದಿದಿರಿ, 10 ಬಂತು. ಮುಂದಿನ ಐ2ಸಿ ವ್ಯವಹಾರ ಶುರುವಾಗುವಷ್ಟರಲ್ಲಿ ಮಿಡಿತ ಬಿದ್ದು ಸಮಯ 11:00:00 ಆಯಿತು. ನಿಮಿಷ ಓದಿದಿರಿ, 00 ಬಂತು; ಸೆಕೆಂಡೂ 00. ಮೂರನ್ನೂ ಜೋಡಿಸಿದರೆ 10:00:00 ಆಗುತ್ತದೆ, ಅಂದರೆ ಪೂರ್ತಿ ಒಂದು ಗಂಟೆ ಹಿಂದೆ. ಓದುವ ಕ್ರಮ ತಿರುಗಿಸಿ ಸೆಕೆಂಡನ್ನು ಮೊದಲು ಓದಿದರೂ ದೋಷ ಹೋಗುವುದಿಲ್ಲ, ಬೇರೆ ರೂಪ ತಾಳುತ್ತದೆ: ಅದೇ ಗಳಿಗೆಯಲ್ಲಿ ಸೆಕೆಂಡು 59, ಆಮೇಲೆ ನಿಮಿಷ 00, ಗಂಟೆ 11 ಬಂದು 11:00:59 ಎಂಬ ಐವತ್ತೊಂಬತ್ತು ಸೆಕೆಂಡು ಮುಂದಿನ ಸಮಯ ಸಿಗುತ್ತದೆ. ಎರಡು ಓದುಗಳ ನಡುವಿನ ಅಂತರ ಮಿಲಿಸೆಕೆಂಡಿಗಿಂತ ಕಡಿಮೆ ಇರುವುದರಿಂದಲೇ ಇದು ಮೇಜಿನ ಮೇಲಿನ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ, ಬೋರ್ಡು ಎಲ್ಲೋ ತಿಂಗಳುಗಟ್ಟಲೆ ಓಡುವಾಗ ಖಂಡಿತವಾಗಿ ಸಿಕ್ಕಿಬೀಳುತ್ತದೆ.

ಪರಿಹಾರವನ್ನು ಚಿಪ್ ತಯಾರಿಸಿದವರೇ ಇಟ್ಟಿರುತ್ತಾರೆ, ಡೇಟಾಶೀಟ್‌ನಲ್ಲಿ ಅದನ್ನು ಹುಡುಕಿಕೊಳ್ಳಬೇಕು. ಡಿಎಸ್1307 ಎಂಬ ಆರ್‌ಟಿಸಿ ಚಿಪ್‌ನಲ್ಲಿ, ವ್ಯವಹಾರದ ಆರಂಭ ಸೂಚಿಸುವ ಐ2ಸಿಯ ಸ್ಟಾರ್ಟ್ ಸಂಕೇತ ಬಂದ ಕೂಡಲೇ ಓಡುತ್ತಿರುವ ಸಮಯದ ಒಂದು ಪ್ರತಿ ಬೇರೊಂದು ಬಫರ್‌ಗೆ ಇಳಿಯುತ್ತದೆ. ಆ ವ್ಯವಹಾರ ಮುಗಿಯುವವರೆಗೂ ನಿಮಗೆ ಕಾಣುವುದು ಆ ಪ್ರತಿಯೇ. ಪಿಸಿಎಫ್8563 ಎಂಬ ಇನ್ನೊಂದು ಚಿಪ್, ನೀವು ಓದುವ ಹೊತ್ತಿನಲ್ಲಿ ಎಣಿಕೆಯನ್ನೇ ತಡೆದಿಟ್ಟುಕೊಳ್ಳುತ್ತದೆ, ಆದ್ದರಿಂದ ವ್ಯವಹಾರವನ್ನು ಒಂದು ಸೆಕೆಂಡಿನೊಳಗೆ ಮುಗಿಸಬೇಕು ಎಂಬ ಷರತ್ತು ಹಾಕುತ್ತದೆ. ಎರಡರಲ್ಲೂ ನೀವು ಮಾಡಬೇಕಾದದ್ದು ಒಂದೇ: ಸೆಕೆಂಡಿನಿಂದ ವರ್ಷದವರೆಗಿನ ಏಳೂ ಬೈಟುಗಳನ್ನು ಒಂದೇ ವ್ಯವಹಾರದಲ್ಲಿ, ರೆಗ್‌ಮ್ಯಾಪ್‌ನ (ರಿಜಿಸ್ಟರ್ ಓದಿ ಬರೆಯಲು ಕರ್ನಲ್ ಕೊಡುವ ಸೌಲಭ್ಯ) ಬಲ್ಕ್ ರೀಡ್ ಮೂಲಕ ಓದುವುದು. ಏಳು ಸಲ ಬಿಡಿಬಿಡಿಯಾಗಿ ಓದಿದರೆ ಏಳು ಸ್ಟಾರ್ಟ್ ಸಂಕೇತಗಳು ಹೋಗುತ್ತವೆ, ಏಳು ಬೇರೆ ಬೇರೆ ಕ್ಷಣಗಳ ಪ್ರತಿಗಳು ಬರುತ್ತವೆ. ರೆಗ್‌ಮ್ಯಾಪ್‌ಗೆ ಕ್ಯಾಶೆ ಇಟ್ಟಿದ್ದರೆ ಸಮಯದ ರಿಜಿಸ್ಟರ್‌ಗಳು ವೊಲಟೈಲ್ (ತಾವಾಗಿಯೇ ಬದಲಾಗುವಂಥವು, ಪ್ರತಿ ಸಲವೂ ಚಿಪ್‌ನಿಂದಲೇ ಓದಬೇಕು) ಎಂದು ಘೋಷಿಸುವುದನ್ನು ಮರೆಯಬೇಡಿ, ಇಲ್ಲವಾದರೆ ನಿಮ್ಮ ಗಡಿಯಾರ ನಿಂತಂತೆ ಕಾಣುತ್ತದೆ.

ಪ್ರತಿ ಹಿಡಿದಿಡುವ ಸೌಲಭ್ಯ ಎಲ್ಲ ಚಿಪ್‌ಗಳಲ್ಲೂ ಇರುವುದಿಲ್ಲ. ಪಿಸಿಗಳಲ್ಲಿ 1984ರ ಐಬಿಎಂ ಪಿಸಿ ಎಟಿ ಕಾಲದಿಂದ ಬಂದಿರುವ ಎಂಸಿ146818 ಮಾದರಿಯಲ್ಲಿ ‘ಅಪ್‌ಡೇಟ್ ನಡೆಯುತ್ತಿದೆ’ ಎಂದು ಹೇಳುವ ಒಂದು ಬಿಟ್ ಮಾತ್ರ ಇದೆ. ಅಪ್‌ಡೇಟ್ ಶುರುವಾಗುವ 244 ಮೈಕ್ರೋಸೆಕೆಂಡು ಮೊದಲೇ ಅದು 1 ಆಗುತ್ತದೆ, ಅದು 0 ಇರುವುದನ್ನು ನೋಡಿದ ಮೇಲೆ ಓದಿ ಮುಗಿಸಲು ನಿಮಗಿರುವ ಖಾತ್ರಿಯ ಬಿಡುವು ಅಷ್ಟೇ. ನಿಮ್ಮ ಚಿಪ್‌ನಲ್ಲಿ ಇಂಥದ್ದೂ ಇಲ್ಲದಿದ್ದರೆ ಸೆಕೆಂಡು ಓದಿ, ಉಳಿದದ್ದೆಲ್ಲ ಓದಿ, ಮತ್ತೆ ಸೆಕೆಂಡು ಓದಿ. ಎರಡು ಸಲವೂ ಒಂದೇ ಅಂಕಿ ಬಂದಿದ್ದರೆ ನಡುವೆ ಓದಿದ್ದು ನಂಬಲರ್ಹ, ಇಲ್ಲದಿದ್ದರೆ ಮೊದಲಿನಿಂದ ಓದಿ.

ಬರೆಯುವಾಗಲೂ ಇದೇ ಎಚ್ಚರ ಬೇಕು. ಡಿಎಸ್1307ರಲ್ಲಿ ಸೆಕೆಂಡಿನ ರಿಜಿಸ್ಟರ್‌ಗೆ ಬರೆದ ಕ್ಷಣ ಒಳಗಿನ ಭಾಜಕ ಸರಪಳಿ ಸೊನ್ನೆಗೆ ಮರಳುತ್ತದೆ, ಅಲ್ಲಿಂದ ಒಂದು ಪೂರ್ತಿ ಸೆಕೆಂಡು ನಿಮ್ಮ ಕೈಯಲ್ಲಿರುತ್ತದೆ. ಒಂದೇ ವ್ಯವಹಾರದಲ್ಲಿ ಸೆಕೆಂಡಿನಿಂದ ವರ್ಷದವರೆಗೆ ಬರೆದರೆ ನಡುವೆ ದಶಕ ಏರುವ ಭಯವಿಲ್ಲ. ಎಣಿಕೆ ನಿಲ್ಲಿಸುವ ಸ್ಟಾಪ್ ಬಿಟ್ ಇರುವ ಚಿಪ್‌ಗಳಲ್ಲಿ ನಿಲ್ಲಿಸಿ, ಬರೆದು, ಮತ್ತೆ ಓಡಿಸುವುದು ಕ್ರಮ. ನಡುವೆ ಬಸ್ ದೋಷ ಬಂದರೆ ಗಡಿಯಾರವನ್ನು ನಿಂತ ಸ್ಥಿತಿಯಲ್ಲೇ ಬಿಟ್ಟು ದೋಷ ಹಿಂದಿರುಗಿಸಬೇಕೋ ಓಡಿಸಿ ಹಿಂದಿರುಗಿಸಬೇಕೋ ಎಂಬ ಪ್ರಶ್ನೆ ಬರುತ್ತದೆ. ನಿಂತೇ ಇರಲಿ ಎಂಬುದು ನನ್ನ ಅಭಿಪ್ರಾಯ, ಅರ್ಧ ಬರೆದ ಸಮಯ ಓಡತೊಡಗಿದರೆ ಅದು ತಪ್ಪು ಎಂದು ಮುಂದೆ ಯಾರಿಗೂ ತಿಳಿಯುವುದಿಲ್ಲ.

ಓದಿದ ಬೈಟುಗಳನ್ನು ಒಮ್ಮೆ ಹತ್ತಿರದಿಂದ ನೋಡೋಣ. ಡಿಎಸ್1307ರಿಂದ ಹೆಕ್ಸ್ ರೂಪದಲ್ಲಿ 58 59 23 05 29 02 24 ಎಂಬ ಏಳು ಬೈಟುಗಳು ಬಂದಿವೆ ಎಂದರೆ ಅದು 2024ರ ಫೆಬ್ರವರಿ 29ರ 23:59:58. ಪ್ರತಿ ಬೈಟೂ ಬಿಸಿಡಿ, ಅಂದರೆ ಮೇಲಿನ ನಾಲ್ಕು ಬಿಟ್ ಹತ್ತರ ಸ್ಥಾನ, ಕೆಳಗಿನ ನಾಲ್ಕು ಬಿಟ್ ಬಿಡಿ ಸ್ಥಾನ. ಪರಿವರ್ತಿಸದೆ ಬಿಟ್ಟರೆ 58 ಸೆಕೆಂಡು ನಿಮಗೆ 88 ಎಂದು ಕಾಣುತ್ತದೆ. ಪರಿವರ್ತಿಸುವ ಮೊದಲು ಸಮಯಕ್ಕೆ ಸೇರದ ಬಿಟ್‌ಗಳನ್ನು ಮರೆಮಾಡಬೇಕು: ಇಲ್ಲಿ ಸೆಕೆಂಡಿನ 7ನೇ ಬಿಟ್ ‘ಗಡಿಯಾರ ನಿಂತಿದೆ’ ಎಂಬ ಸೂಚನೆ, ಗಂಟೆಯ 6ನೇ ಬಿಟ್ 12 ಗಂಟೆ ಕ್ರಮವೋ 24 ಗಂಟೆ ಕ್ರಮವೋ ಎಂಬುದರ ಸೂಚನೆ. ಇನ್ನು ಕರ್ನಲ್‌ನ ಆರ್‌ಟಿಸಿ ಸಮಯ ರಚನೆಯಲ್ಲಿ ತಿಂಗಳು ಸೊನ್ನೆಯಿಂದ ಶುರು, ವರ್ಷ 1900ರಿಂದ ಎಣಿಕೆ. ಆದ್ದರಿಂದ ಈ ಫೆಬ್ರವರಿ 1 ಆಗುತ್ತದೆ, 24 ಎಂಬ ವರ್ಷ 124 ಆಗುತ್ತದೆ. ವಾರದ ದಿನಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ, ಚಿಪ್‌ಗಳ ನಡುವೆ ಅದರ ಎಣಿಕೆಯಲ್ಲಿ ಒಮ್ಮತವೇ ಇಲ್ಲ. ಕಾಲವಲಯವಂತೂ ಡ್ರೈವರ್‌ಗೆ ಸಂಬಂಧಿಸಿದ ವಿಷಯವೇ ಅಲ್ಲ.

ಇನ್ನು ನಿಮ್ಮ ಸಹೋದ್ಯೋಗಿ ಎತ್ತಿದ ಮಾತು. ಅವರು ಹೇಳಿದ್ದು ಸರಿ, ಮೂರರಲ್ಲಿ ನಾನು ಅತಿ ಗಂಭೀರವೆಂದು ಎಣಿಸುವುದು ಇದನ್ನೇ. ಮೊದಲ ಬಾರಿ ವಿದ್ಯುತ್ ಬಂದಾಗ ಡಿಎಸ್1307 ಏನು ಮಾಡುತ್ತದೆ ನೋಡಿ: ತನ್ನ ರಿಜಿಸ್ಟರ್‌ಗಳಲ್ಲಿ 2000ದ ಜನವರಿ 1 ಎಂದು ತಾನೇ ಇಟ್ಟುಕೊಳ್ಳುತ್ತದೆ, ಜೊತೆಗೆ ಸೆಕೆಂಡಿನ 7ನೇ ಬಿಟ್ಟನ್ನು 1 ಮಾಡುತ್ತದೆ. ಆಗ ನೀವು ಸೆಕೆಂಡು ಓದಿದರೆ ಹೆಕ್ಸ್ 80 ಬರುತ್ತದೆ. ತಾರೀಖಿನ ಜೊತೆಗೇ ‘ಇದು ನಿಜವಾದ ಸಮಯವಲ್ಲ’ ಎಂಬ ಮಾತನ್ನೂ ಚಿಪ್ ಹೇಳುತ್ತಿದೆ. ಡಿಎಸ್3231 ಎಂಬ ಚಿಪ್‌ನಲ್ಲಿ ಸ್ಟೇಟಸ್ ರಿಜಿಸ್ಟರ್‌ನ 7ನೇ ಬಿಟ್ ‘ಆಸಿಲೇಟರ್ ಯಾವಾಗಲೋ ನಿಂತಿತ್ತು’ ಎನ್ನುತ್ತದೆ, ಪಿಸಿಎಫ್8563ರಲ್ಲಿ ಸೆಕೆಂಡಿನ 7ನೇ ಬಿಟ್ ‘ವೋಲ್ಟೇಜ್ ಕುಸಿದಿತ್ತು, ಸಮಯಕ್ಕೆ ಖಾತ್ರಿಯಿಲ್ಲ’ ಎನ್ನುತ್ತದೆ. ನಿಮ್ಮ ಪ್ರೋಬ್ ಮಾಡುತ್ತಿರುವುದು ಈ ಮಾತನ್ನು ಅಳಿಸಿ ತಾರೀಖನ್ನು ಮಾತ್ರ ಉಳಿಸುವ ಕೆಲಸ. ಅಲ್ಲಿಂದ ಮುಂದೆ ಓದಿದವರಿಗೆ 2000ದ ಜನವರಿ 1 ಎಂಬುದು ಯಂತ್ರ ಎಣಿಸಿದ ಸಮಯವೋ ಡ್ರೈವರ್ ಕಟ್ಟಿದ ಸಮಯವೋ ಎಂದು ತಿಳಿಯುವ ದಾರಿಯೇ ಉಳಿಯುವುದಿಲ್ಲ.

ಇದರ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಳತೆಗಳನ್ನು ದಾಖಲಿಸುವ ಒಂದು ಉಪಕರಣದಲ್ಲಿ ಹೀಗೆಯೇ ಬರೆದಿದ್ದ ಡ್ರೈವರ್ ಇತ್ತು. ಬ್ಯಾಟರಿ ಸತ್ತ ಮೇಲೆ ಒಮ್ಮೆ ವಿದ್ಯುತ್ ಹೋಗಿ ಬಂದಾಗ ಉಪಕರಣ 2000ನೇ ಇಸವಿಯಲ್ಲಿ ಎದ್ದಿತು. ಸರ್ವರ್‌ನ ಸುರಕ್ಷತಾ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಜಾರಿಗೇ ಬಂದಿರಲಿಲ್ಲವಾದ್ದರಿಂದ ಸಂಪರ್ಕ ನಿರಾಕರಣೆಯಾಯಿತು. ಸರಿಯಾದ ಸಮಯ ಬರಬೇಕಾಗಿದ್ದದ್ದು ಆ ಸಂಪರ್ಕದಿಂದಲೇ. ಅಷ್ಟಕ್ಕೇ ಮುಗಿಯಲಿಲ್ಲ. ಜಾಗ ತುಂಬಿದಾಗ ಅತಿ ಹಳೆಯ ದಾಖಲೆಗಳನ್ನು ಅಳಿಸುವ ವ್ಯವಸ್ಥೆಯೊಂದು ಅದರಲ್ಲಿತ್ತು. 2000ದ ಮುದ್ರೆ ಹೊತ್ತ ಹೊಸ ಅಳತೆಗಳೇ ಅದಕ್ಕೆ ಅತಿ ಹಳೆಯವಾಗಿ ಕಂಡವು, ಬರೆದ ಹಾಗೆಲ್ಲ ಅವು ಅಳಿಸಿಹೋದವು. ಡ್ರೈವರ್ ಒಂದು ದೋಷವನ್ನು ಹಿಂದಿರುಗಿಸಿದ್ದರೆ ಮೇಲಿನ ಪ್ರೋಗ್ರಾಂಗೆ ‘ಸಮಯ ತಿಳಿಯದು’ ಎಂಬ ಸ್ಥಿತಿಯನ್ನು ನಿಭಾಯಿಸುವ ಅವಕಾಶವಾದರೂ ಇರುತ್ತಿತ್ತು.

ಆದ್ದರಿಂದ ನಿಯಮ ಹೀಗಿರಲಿ. ಸಮಯ ಓದಿಕೊಡುವ ರೀಡ್_ಟೈಮ್ ಫಂಕ್ಷನ್ನಿನಲ್ಲಿ ಮೊದಲು ಆ ಸೂಚನೆಯ ಬಿಟ್ ನೋಡಿ, ಅದು 1 ಇದ್ದರೆ ಋಣ ಇ-ಇನ್‌ವಾಲ್ (-EINVAL, ‘ಅಮಾನ್ಯ’ ಎಂಬ ದೋಷಸಂಖ್ಯೆ) ಹಿಂದಿರುಗಿಸಿ. ಎಲ್ಲ ಆರ್‌ಟಿಸಿ ಡ್ರೈವರ್‌ಗಳಿಗೂ ಸಾಮಾನ್ಯವಾದ ಕರ್ನಲ್‌ನ ಭಾಗ, ಅಂದರೆ ಆರ್‌ಟಿಸಿ ಕೋರ್, ಆಗ ಸಿಸ್ಟಮ್ ಸಮಯವನ್ನು ಆ ಚಿಪ್‌ನಿಂದ ತುಂಬಿಕೊಳ್ಳುವುದಿಲ್ಲ. ಬದಲಿಗೆ ಏನು ಮಾಡಬೇಕು, ಜಾಲದಿಂದ ಸಮಯ ಪಡೆಯಬೇಕೋ, ಕಡತದಲ್ಲಿ ಉಳಿಸಿದ್ದ ಹಿಂದಿನ ಸಮಯದಿಂದ ಮುಂದುವರಿಯಬೇಕೋ ಎಂಬ ತೀರ್ಮಾನ ಯೂಸರ್‌ಸ್ಪೇಸ್‌ಗೆ, ಅಂದರೆ ಕರ್ನಲ್‌ನ ಹೊರಗೆ ಓಡುವ ಪ್ರೋಗ್ರಾಂಗಳಿಗೆ ಸೇರಿದ್ದು. ಆ ಬಿಟ್ಟನ್ನು ಅಳಿಸುವ ಹಕ್ಕು ಸೆಟ್_ಟೈಮ್‌ಗೆ ಮಾತ್ರ ಇರಲಿ, ಅದೂ ಹೊಸ ಸಮಯ ಯಶಸ್ವಿಯಾಗಿ ಬರೆದಾದ ಮೇಲೆ. ಪ್ರೋಬ್‌ನಲ್ಲಿ ಅಳಿಸಬೇಡಿ. ಓದಿದ ಸಮಯ ಕ್ಯಾಲೆಂಡರ್‌ಗೆ ಹೊಂದುತ್ತದೆಯೇ ಎಂಬ ಪರಿಶೀಲನೆಯನ್ನು ಕೋರ್ ತಾನೇ ಮಾಡುತ್ತದೆ, ನೀವು ಮತ್ತೆ ಮಾಡಬೇಕಾಗಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ವಿಷಯ ಚಿಪ್‌ನ ವ್ಯಾಪ್ತಿ. ಎರಡಂಕಿಯ ವರ್ಷ ಇಡುವ ಚಿಪ್ ನಾಲ್ಕರಿಂದ ಭಾಗವಾಗುವ ಪ್ರತಿ ವರ್ಷವನ್ನೂ ಅಧಿಕ ವರ್ಷ ಎಂದೇ ಎಣಿಸುತ್ತದೆ. 2000 ಅಧಿಕ ವರ್ಷವಾಗಿದ್ದರಿಂದ ಈ ಸರಳ ಲೆಕ್ಕ 2099ರವರೆಗೆ ನಡೆಯುತ್ತದೆ. 2100 ಅಧಿಕ ವರ್ಷವಲ್ಲವಾದ್ದರಿಂದ ಅಲ್ಲಿ ಮುರಿಯುತ್ತದೆ. ಸೆಕೆಂಡುಗಳನ್ನಷ್ಟೇ ಎಣಿಸುವ 32 ಬಿಟ್‌ನ ಕೌಂಟರ್ ಆದರೆ, 1970ರಿಂದ ಎಣಿಸಿದರೆ, 2106ರ ಫೆಬ್ರವರಿ 7ರವರೆಗೆ ನಡೆಯುತ್ತದೆ. ನೋಂದಣಿಗೆ ಮೊದಲು ರೇಂಜ್_ಮಿನ್, ರೇಂಜ್_ಮ್ಯಾಕ್ಸ್ ಎರಡನ್ನೂ ತುಂಬಿದರೆ ಅದಕ್ಕೆ ಹೊರಗಿನ ಸಮಯವನ್ನು ಕೋರ್ ನಿಮ್ಮವರೆಗೆ ಬಿಡುವುದೇ ಇಲ್ಲ, ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಯಂತ್ರಾಂಶವನ್ನು ಕರ್ನಲ್‌ಗೆ ವಿವರಿಸುವ ಕಡತ) ಸ್ಟಾರ್ಟ್-ಇಯರ್ ಕೊಟ್ಟರೆ ವ್ಯಾಪ್ತಿಯನ್ನು ಮುಂದಕ್ಕೆ ಸರಿಸಿಯೂ ಕೊಡುತ್ತದೆ. ಸೆಕೆಂಡುಗಳ ಲೆಕ್ಕವನ್ನು ಟೈಮ್64 ಹೆಸರಿನ ಫಂಕ್ಷನ್‌ಗಳಲ್ಲೇ ಮಾಡಿ, ಚಿಹ್ನೆಯಿರುವ 32 ಬಿಟ್ ಪೂರ್ಣಾಂಕ 2038ರ ಜನವರಿ 19ರಂದು ಯುಟಿಸಿ 03:14:07ಕ್ಕೆ ತುಂಬಿಹೋಗುತ್ತದೆ.

ಅಲಾರಂ ಎರಡನೆಯ ಸಲ ಬಾರದಿರುವ ಕಾರಣವನ್ನು ನಿಮ್ಮ ಕೋಡ್ ನೋಡದೆಯೂ ಹೆಚ್ಚುಕಡಿಮೆ ಹೇಳಬಹುದು. ಈ ಚಿಪ್‌ಗಳ ಇಂಟರಪ್ಟ್ ಕಾಲು ಓಪನ್ ಡ್ರೈನ್, ಅಂದರೆ ಚಿಪ್ ಅದನ್ನು ಕೆಳಗೆ ಎಳೆಯಬಲ್ಲದು ಅಥವಾ ಬಿಟ್ಟುಬಿಡಬಲ್ಲದು, ಅಷ್ಟೇ. ಅಲಾರಂ ಹೊಂದಿಕೆಯಾದಾಗ ಚಿಪ್ ಒಳಗಿನ ಅಲಾರಂ ಫ್ಲ್ಯಾಗ್ ಎತ್ತಿ ಆ ಕಾಲನ್ನು ಕೆಳಗೆ ಎಳೆಯುತ್ತದೆ, ಫ್ಲ್ಯಾಗ್ ಅಳಿಸುವವರೆಗೂ ಎಳೆದೇ ಇಟ್ಟುಕೊಂಡಿರುತ್ತದೆ. ನೀವು ಇಂಟರಪ್ಟನ್ನು ಫಾಲಿಂಗ್ ಎಡ್ಜ್‌ಗೆ (ಕಾಲು ಮೇಲಿನಿಂದ ಕೆಳಗೆ ಬೀಳುವ ಕ್ಷಣಕ್ಕೆ) ಕೇಳಿಕೊಂಡು ಹ್ಯಾಂಡ್ಲರ್‌ನಲ್ಲಿ ಫ್ಲ್ಯಾಗ್ ಅಳಿಸದೆ ಬಂದಿದ್ದರೆ, ಆ ಕಾಲು ಮತ್ತೆ ಮೇಲೇಳುವುದೇ ಇಲ್ಲ. ಮೇಲೇಳದ ಕಾಲು ಮತ್ತೆ ಬೀಳುವುದೂ ಇಲ್ಲ. ಮಲ್ಟಿಮೀಟರ್ ಹಿಡಿದು ನೋಡಿ, ಮೊದಲ ಅಲಾರಂ ಆದ ಮೇಲೆ ಅದು ಸೊನ್ನೆ ವೋಲ್ಟ್‌ನಲ್ಲೇ ನಿಂತಿರುತ್ತದೆ. ಐ2ಸಿ ವ್ಯವಹಾರ ನಿದ್ರಿಸಬಲ್ಲದು, ಹಾರ್ಡ್ ಇಂಟರಪ್ಟ್ ಸಂದರ್ಭದಲ್ಲಿ ಅದನ್ನು ಮಾಡುವಂತಿಲ್ಲ ಎಂಬ ಕಾರಣಕ್ಕೆ ನೀವು ಅಳಿಸುವುದನ್ನು ಬಿಟ್ಟಿರಬಹುದು. ಅದಕ್ಕೆ ಥ್ರೆಡೆಡ್ ಇಂಟರಪ್ಟ್ ಇದೆ: ಮೊದಲ ಹ್ಯಾಂಡ್ಲರ್ ಖಾಲಿ ಬಿಟ್ಟು, ಒನ್‌ಶಾಟ್ ಗುರುತು ಹಾಕಿ, ಥ್ರೆಡ್ ಹ್ಯಾಂಡ್ಲರ್‌ನಲ್ಲಿ ಆರ್‌ಟಿಸಿ ಲಾಕ್ ಹಿಡಿದು ಸ್ಟೇಟಸ್ ಓದಿ, ಫ್ಲ್ಯಾಗ್ ಎದ್ದಿದ್ದರೆ ಮಾತ್ರ ಅಳಿಸಿ, ಆಮೇಲೆ ಕೋರ್‌ಗೆ ತಿಳಿಸಿ. ಲೆವೆಲ್ ಲೋ (ಕಾಲು ಕೆಳಗಿರುವಷ್ಟು ಹೊತ್ತೂ ಇಂಟರಪ್ಟ್) ಎಂದೇ ಕೇಳಿಕೊಳ್ಳುವುದು ಇನ್ನೂ ಒಳ್ಳೆಯದು, ಅಳಿಸಲು ಮರೆತರೆ ಇಂಟರಪ್ಟ್‌ಗಳ ಸುರಿಮಳೆಯಾಗಿ ತಪ್ಪು ಅಂದೇ ಗೊತ್ತಾಗುತ್ತದೆ. ಒಂದೇ ರಿಜಿಸ್ಟರ್‌ನಲ್ಲಿ ಬೇರೆ ಫ್ಲ್ಯಾಗ್‌ಗಳೂ ಇರುತ್ತವೆ. ಹಲವು ಚಿಪ್‌ಗಳಲ್ಲಿ 0 ಬರೆದರೆ ಅಳಿಯುತ್ತದೆ, 1 ಬರೆದರೆ ಇದ್ದ ಹಾಗೇ ಇರುತ್ತದೆ. ನಿಮಗೆ ಬೇಕಾದ್ದಕ್ಕೆ ಮಾತ್ರ 0 ಬರೆಯಿರಿ.

ಪ್ರೋಬ್‌ನ ಕ್ರಮವೂ ಇಲ್ಲಿಗೇ ಬರುತ್ತದೆ. ಬೋರ್ಡು ಆರಿದ್ದಾಗಲೇ ಅಲಾರಂ ಹೊಡೆದಿರಬಹುದು, ಬೋರ್ಡನ್ನು ಎಬ್ಬಿಸಿದ್ದೇ ಆ ಅಲಾರಂ ಆಗಿರಬಹುದು. ಹಾಗಿದ್ದರೆ ನೀವು ಇಂಟರಪ್ಟ್ ಕೇಳಿಕೊಂಡ ಮರುಕ್ಷಣ ಹ್ಯಾಂಡ್ಲರ್ ಓಡುತ್ತದೆ. ಆಗ ಆರ್‌ಟಿಸಿ ರಚನೆ ಇನ್ನೂ ಇಲ್ಲದಿದ್ದರೆ ಕರ್ನಲ್ ಬಿದ್ದುಹೋಗುತ್ತದೆ. ಕೋರ್‌ನಲ್ಲಿ ‘ಅಲೊಕೇಟ್’ ಮತ್ತು ‘ರಿಜಿಸ್ಟರ್’ ಎಂದು ಎರಡು ಹಂತ ಇಟ್ಟಿರುವುದು ಇಂಥದ್ದಕ್ಕಾಗಿಯೇ: ಮೊದಲು ಅಲೊಕೇಟ್, ಆಮೇಲೆ ಆಪ್ಸ್ (ನಿಮ್ಮ ಫಂಕ್ಷನ್‌ಗಳ ಪಟ್ಟಿ), ವ್ಯಾಪ್ತಿ ಮತ್ತು ಇಂಟರಪ್ಟ್, ಕಡೆಯಲ್ಲಿ ರಿಜಿಸ್ಟರ್. ರಿಜಿಸ್ಟರ್ ಆದ ಮೇಲೆ ವಿಫಲವಾಗಬಹುದಾದ ಯಾವ ಹೆಜ್ಜೆಯೂ ಪ್ರೋಬ್‌ನಲ್ಲಿ ಉಳಿದಿರಬಾರದು, ಏಕೆಂದರೆ ಅಷ್ಟರಲ್ಲಿ ಯೂಸರ್‌ಸ್ಪೇಸ್ ಅದನ್ನು ತೆರೆದು ಬಳಸುತ್ತಿರಬಹುದು. ಹಿಂದಿನ ಓಟದಲ್ಲಿ ಇಟ್ಟಿದ್ದ ಅಲಾರಂ ಅನ್ನು ಪ್ರೋಬ್‌ನಲ್ಲಿ ರದ್ದು ಮಾಡುವ ಅಭ್ಯಾಸವನ್ನೂ ಬಿಡಿ. ಇಂಟರಪ್ಟ್ ಕಾಲು ಪ್ರೊಸೆಸರ್‌ಗೆ ಹೋಗದೆ ನೇರವಾಗಿ ವಿದ್ಯುತ್ ನಿರ್ವಹಣೆಯ ಚಿಪ್‌ಗೆ ಹೋಗಿರುವ ಬೋರ್ಡುಗಳಿವೆ. ಅಂಥಲ್ಲಿ ಇಂಟರಪ್ಟ್ ಇಲ್ಲದಿದ್ದರೂ ಡಿವೈಸ್ ಟ್ರೀಯಲ್ಲಿ ವೇಕಪ್-ಸೋರ್ಸ್ ಎಂದಿದ್ದರೆ ಅಲಾರಂ ಸೌಲಭ್ಯವನ್ನು ಉಳಿಸಿಕೊಡಿ. ಅಲಾರಂನಲ್ಲಿ ಸೆಕೆಂಡಿನ ರಿಜಿಸ್ಟರ್ ಇಲ್ಲದ, ಪಿಸಿಎಫ್8563ರಂಥ ಚಿಪ್ ಆಗಿದ್ದರೆ ನಿಮಿಷದ ಮಟ್ಟದ ಅಲಾರಂ ಎಂಬುದನ್ನು ಫೀಚರ್ ಬಿಟ್‌ಗಳಲ್ಲಿ ಹೇಳಿ, ಅಪ್‌ಡೇಟ್ ಇಂಟರಪ್ಟ್ ಸೌಲಭ್ಯದ ಬಿಟ್ ತೆಗೆಯಿರಿ. ಕೋರ್ ಸೆಕೆಂಡಿಗೊಮ್ಮೆಯ ಅಪ್‌ಡೇಟ್ ಇಂಟರಪ್ಟನ್ನು ಅಲಾರಂನಿಂದಲೇ ಕಟ್ಟುತ್ತದೆ, ನಿಮಿಷದ ಅಲಾರಂನಿಂದ ಅದು ಸಾಧ್ಯವಿಲ್ಲ.

ನೀವು ಕೇಳದಿದ್ದರೂ ಮುಂದೆ ಎದುರಾಗುವ ಒಂದು ದೂರೆಂದರೆ ಗಡಿಯಾರ ಹಿಂದೆ ಬೀಳುವುದು ಅಥವಾ ಮುಂದೆ ಓಡುವುದು. 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ) ದೋಷದ ಕ್ರಿಸ್ಟಲ್ ದಿನಕ್ಕೆ ಸುಮಾರು 1.7 ಸೆಕೆಂಡು ತಪ್ಪುತ್ತದೆ, ಅದು ಸಹಜ. ಅದಕ್ಕಿಂತ ಬಹಳ ಹೆಚ್ಚಾದರೆ ಕ್ರಿಸ್ಟಲ್‌ಗೆ ಬೇಕಾದ ಲೋಡ್ ಕೆಪಾಸಿಟೆನ್ಸ್ ಮತ್ತು ಚಿಪ್‌ನಲ್ಲಿ ಆರಿಸಿರುವುದು ಒಂದೇ ಹೌದೋ ನೋಡಿ. 7 ಪಿಕೋಫ್ಯಾರಡ್‌ನ ಕ್ರಿಸ್ಟಲ್‌ಗೆ 12.5ರ ಆಯ್ಕೆ ಇಟ್ಟಿರುವುದು ಸಾಮಾನ್ಯ ತಪ್ಪು, ಅದನ್ನು ಸೂಚಿಸಲು ಡಿವೈಸ್ ಟ್ರೀಯಲ್ಲಿ ಗುಣವೇ ಇದೆ. ಉಳಿದ ದೋಷವನ್ನು ಓದಿದ ಸಮಯಕ್ಕೆ ಡ್ರೈವರ್‌ನಲ್ಲೇ ಕೂಡಿಸಿ ಕಳೆದು ಸರಿಪಡಿಸಲು ಹೋಗಬೇಡಿ. ಚಿಪ್‌ನಲ್ಲಿ ಆಫ್‌ಸೆಟ್ ರಿಜಿಸ್ಟರ್ ಇದ್ದರೆ ಸೆಟ್_ಆಫ್‌ಸೆಟ್ ಮೂಲಕ ನೂರು ಕೋಟಿಯಲ್ಲಿ ಎಷ್ಟು ಭಾಗ ಎಂಬ ಲೆಕ್ಕದಲ್ಲಿ ಒದಗಿಸಿ. ಉದಾಹರಣೆಗೆ ಪಿಸಿಎಫ್8523ರಲ್ಲಿ ಒಂದು ಹೆಜ್ಜೆ ಎಂದರೆ ಒಂದು ಕ್ರಮದಲ್ಲಿ 4.34 ಪಿಪಿಎಂ, ಇನ್ನೊಂದರಲ್ಲಿ 4.069 ಪಿಪಿಎಂ.

ತಿದ್ದಿದ ಮೇಲೆ ಕರ್ನಲ್‌ನ ಸೆಲ್ಫ್‌ಟೆಸ್ಟ್‌ಗಳಲ್ಲಿರುವ ಆರ್‌ಟಿಸಿಟೆಸ್ಟ್ ಓಡಿಸಿ. ಅದು ಓದು, ಅಲಾರಂ, ಅಪ್‌ಡೇಟ್ ಇಂಟರಪ್ಟ್ ಮೂರನ್ನೂ ತಡವುತ್ತದೆ. ಅದರಾಚೆಗೆ ಮೂರು ಪರೀಕ್ಷೆಗಳನ್ನು ಕೈಯಾರೆ ಮಾಡಿ. ಸಮಯವನ್ನು 2024ರ ಫೆಬ್ರವರಿ 28ರ 23:59:58ಕ್ಕೆ ಇಟ್ಟು 29ಕ್ಕೆ ಹೋಗುವುದನ್ನೂ, 2023ರಲ್ಲಿ ಅದೇ ಗಳಿಗೆಗೆ ಇಟ್ಟು ಮಾರ್ಚ್ 1ಕ್ಕೆ ಹೋಗುವುದನ್ನೂ ನೋಡಿ. 10:59:55ಕ್ಕೆ ಇಟ್ಟು ಬಿಡುವಿಲ್ಲದೆ ಓದುತ್ತಾ ಯಾವ ಓದೂ ಹಿಂದಿನದಕ್ಕಿಂತ ಹಿಂದೆ ಹೋಗದಿರುವುದನ್ನು, ಒಂದು ಸೆಕೆಂಡಿಗಿಂತ ಹೆಚ್ಚು ಮುಂದೆ ಜಿಗಿಯದಿರುವುದನ್ನು ಪರಿಶೀಲಿಸುವ ಸಣ್ಣ ಪ್ರೋಗ್ರಾಂ ಬರೆದು ರಾತ್ರಿಯಿಡೀ ಮತ್ತೆ ಮತ್ತೆ ಓಡಿಸಿ. ಕೊನೆಗೆ ವಿದ್ಯುತ್ತನ್ನೂ ಬ್ಯಾಟರಿಯನ್ನೂ ತೆಗೆದು, ಕೆಲವು ನಿಮಿಷ ಬಿಟ್ಟು ಮತ್ತೆ ಹಾಕಿ, ಆರ್‌ಟಿಸಿಯ ಸಮಯ ತೋರಿಸುವ ಎಚ್‌ಡಬ್ಲ್ಯೂಕ್ಲಾಕ್ (hwclock) ಆದೇಶದಿಂದ ಓದಿ. ಅಲ್ಲಿ ಯಾವುದೇ ತಾರೀಖು ಬರದೆ ದೋಷದ ಸಂದೇಶ ಬರಬೇಕು, ಒಮ್ಮೆ ಸಮಯ ಬರೆದ ನಂತರವಷ್ಟೇ ಅದು ಹೋಗಬೇಕು.